ಸದ್ದಿಲ್ಲದ ಎಣ್ಣೆ

"ಅಜ್ಜಾರ, ಯಾವ ಎಣ್ಣಿ ತಿಂದ್ರ ಮನಷ್ಯಾ ಉಳಿತಾನ್ರಿ?"

ಕೇಳಿದವಳು ಮಹಾನಂದಾ. ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಸೋಮವಾರ ಸಂಜೆ ಮಠಕ್ಕೆ ಬಂದು, ಅಲ್ಲಿನ ಸ್ವಾಮಿಗಳಾದ ಅಜ್ಜಾರು ಹೇಳಿದ್ದನ್ನು ಕೇಳಿಸಿಕೊಂಡು, ಒಂದು ಮಾತೂ ಆಡದೆ ಎದ್ದು ಹೋಗುವುದು ಅವಳ ರೂಢಿ. ಅವತ್ತು ಮಾತ್ರ ಕೂತ ಕೂಡಲೇ ಕೇಳಿದಳು. ಅವಳ ಗಂಡನಿಗೆ ಎದೆನೋವು ಬಂದು, ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಮನೆಗೆ ಕಳಿಸಿದ್ದರು. ಅದು ಅಲ್ಲಿ ಕೂತಿದ್ದ ನಮಗೆಲ್ಲ ಗೊತ್ತಿತ್ತು. ಹಾಗಾಗಿ ಯಾರೂ ನಗಲಿಲ್ಲ.

ಅಜ್ಜಾರು ದಾಸೋಹದ ಅಡುಗೆಗೆಂದು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಡಾಕ್ಟರು ಏನ ಹೇಳ್ಯಾರ?"

"ಎಣ್ಣಿ ಕಡಿಮಿ ಹಾಕ್ರಿ, ಕರದದ್ದು ಬ್ಯಾಡ, ಗುಳಿಗಿ ತಪ್ಪಸಬ್ಯಾಡ್ರಿ ಅಂದಾರ್ರಿ."

"ಮತ್ತ ಅಷ್ಟ ಮಾಡು. ಅವ್ರು ಕಲತಾರ, ಹೇಳ್ಯಾರ. ಅದರಾಗ ನನ್ನ ಕೇಳೂದೇನೈತಿ?"

"ಅಷ್ಟಕ್ಕ ಮುಗೀಲಿಲ್ರಿ ಅಜ್ಜಾರ." ಮಹಾನಂದಾ ಬೆರಳು ಮಡಚಿ ಎಣಿಸತೊಡಗಿದಳು. "ನಮ್ಮಕ್ಕ ಕೊಬ್ಬರಿ ಎಣ್ಣಿ ಅಮೃತ ಅಂತಾಳ. ಆಫೀಸಿನವ್ರು ಅದ ವಿಷ, ಕುಸುಬಿ ಎಣ್ಣಿ ಹಾಕು ಅಂತಾರ. ಫೋನಿನ್ಯಾಗ ಒಬ್ಬಾಂವ ತುಪ್ಪಾ ತಿನ್ರಿ, ಎದಿ ಗಟ್ಟಿ ಆಗತೈತಿ ಅಂತಾನ. ಅವನ ಬೆನ್ನಿಗೇ ಇನ್ನೊಬ್ಬಾಂವ ಬಂದು ತುಪ್ಪಾ ತಿಂದವ್ರೆಲ್ಲಾ ಸತ್ರು ಅಂತಾನ. ಊಟಾ ಬಲ್ಲವಗ ರೋಗಿಲ್ಲ ಅಂತಾರ. ಬಲ್ಲವ್ರ ಹಿಂಗ ಬಡದಾಡಿದ್ರ, ನಾ ನಮ್ಮನಿಯವ್ರಿಗೆ ಏನ ಬಡಸ್ಲಿರಿ?"

ಅಜ್ಜಾರು ಬೆಳ್ಳುಳ್ಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಸಿಪ್ಪೆಯನ್ನು ಮಡಿಲಿಂದ ಕೊಡವಿದರು. ಆಮೇಲೆ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಮನೆಯಲ್ಲಿ ಮೂರು ಜನ. ಅವನು, ಅವನ ಹೆಂಡತಿ, ಅವನ ತಾಯಿ. ಅವನು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಊರಾಚೆಯ ಮಗ್ಗದ ಶೆಡ್ಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹಗಲೆಲ್ಲ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಅತ್ತೆ ಸೊಸೆ ಅಂದ ಕೂಡಲೇ ನೀವು ಇನ್ನೇನು ಜಗಳ ಬಂತು ಅಂದುಕೊಳ್ಳುತ್ತೀರಿ. ಬರಲಿಲ್ಲ. ಸೊಸೆ ತಾಯಿಯಿಲ್ಲದೆ ಬೆಳೆದ ಹುಡುಗಿ. ಮದುವೆಯಾಗಿ ಬಂದ ಹೊಸತರಲ್ಲಿ ಹಿತ್ತಿಲಲ್ಲಿ ಕೂತು ಅಳುತ್ತಿದ್ದಳು. ಯಾಕೆ ಅಂತ ಅತ್ತೆ ಯಾವತ್ತೂ ಕೇಳಲಿಲ್ಲ. ಎಣ್ಣೆಯ ಬಟ್ಟಲು ತಂದು, ಹಿಂದೆ ಕೂತು, ನೆತ್ತಿಗೆ ಎಣ್ಣೆ ತಟ್ಟಿ, ಜಡೆ ಹೆಣೆದು ಎದ್ದು ಹೋಗುತ್ತಿದ್ದಳು. ಹಾಗೆ ತಟ್ಟಿಸಿಕೊಳ್ಳುತ್ತ ತಟ್ಟಿಸಿಕೊಳ್ಳುತ್ತ ಹುಡುಗಿಯ ಅಳು ನಿಂತಿತು. ಅವಳು ಬಾಯಲ್ಲಿ ಅತ್ತೆ ಅನ್ನುತ್ತಿದ್ದಳು. ಮನಸ್ಸಿನಲ್ಲಿ ಅವ್ವ ಅನ್ನುತ್ತಿದ್ದಳು.

ಅತ್ತೆಗೆ ವಯಸ್ಸಾಯಿತು. ಕಣ್ಣಿಗೆ ಮಂಜು ಕವಿಯಿತು. ಅಡುಗೆಮನೆ ಸೊಸೆಯ ಕೈಗೆ ಬಂತು. ಅತ್ತೆ ಪಡಸಾಲೆಯ ಗೋಡೆಗೆ ಒರಗಿ ಕೂತು ಹೊತ್ತು ಕಳೆಯುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ತಾನೇ ಎದ್ದು, ಕೈ ತೊಳೆದುಕೊಂಡು, ಗೋಡೆ ಹಿಡಿದು ಒಳಗೆ ಬಂದು ತನ್ನ ಮಣೆಯ ಮೇಲೆ ಕೂರುತ್ತಿದ್ದಳು. ಸೊಸೆ ಅವಳನ್ನು ಊಟಕ್ಕೆ ಅಂತ ಬಾಯಿಬಿಟ್ಟು ಕರೆದದ್ದೇ ಇಲ್ಲ. ಕರೆಯುವ ಪ್ರಸಂಗವೇ ಬರಲಿಲ್ಲ. ಅತ್ತೆಯ ಹೊಟ್ಟೆಯಲ್ಲೇ ಗಡಿಯಾರ ಇದೆ ಅಂದುಕೊಂಡಿದ್ದಳು.

ಹೀಗಿರುವಾಗ ಒಂದು ದಿನ ಶೆಡ್ಡಿನಲ್ಲಿ ನೇಕಾರನ ಪಕ್ಕದ ಮಗ್ಗದವನು ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದ. ನೇಕಾರನ ಓರಗೆಯವನೇ. ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣಿಗೆ ಹೋದಾಗ ಯಾರೋ ಒಬ್ಬರು, ಎಲ್ಲಾ ಈ ಎಣ್ಣೆಯಿಂದಲೇ ಅಂದರು. ಸತ್ತವನು ಏನು ತಿನ್ನುತ್ತಿದ್ದ ಅಂತ ಹಾಗೆ ಅಂದವರಿಗೂ ಗೊತ್ತಿರಲಿಲ್ಲ. ಆದರೆ ಸಾವಿನ ಮನೆಯ ಮುಂದೆ ನಿಂತವರಿಗೆ ಏನಾದರೂ ಒಂದು ಕಾರಣ ಬೇಕು. ಇಲ್ಲದಿದ್ದರೆ ಮನೆಗೆ ಹೋಗಿ ಅವರಿಗೆ ನಿದ್ದೆ ಬರುವುದಿಲ್ಲ.

ಸೊಸೆ ಆ ಮಾತನ್ನು ಮನೆಗೆ ತಂದಳು. ಫೋನು ತೆರೆದಳು. ಫೋನಿನಲ್ಲಿ ಬಿಳಿ ಕೋಟು ಹಾಕಿಕೊಂಡವನೊಬ್ಬ ಕೂತಿದ್ದ. ಎಣ್ಣೆ ಕಾದರೆ ಕೆಟ್ಟಿತು, ಹೊಗೆಯಾಡಿದರೆ ವಿಷವಾಯಿತು, ಬೇಯಿಸಿದ್ದರ ಮೇಲೆ ಹಸಿ ಎಣ್ಣೆ ಹಾಕಿಕೊಂಡು ತಿನ್ನಿ ಅಂದ. ಕೋಟು ಬಿಳಿಯದಿತ್ತು ಅನ್ನುವುದು ಬಿಟ್ಟರೆ ಅವನು ಯಾರು ಅಂತ ಅವಳಿಗೆ ಗೊತ್ತಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಗಂಡನ ಮುಖ, ಅತ್ತೆಯ ಮುಖ. ಹೆದರಿದವರಿಗೆ ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರೇ ಗುರು. ಮರುದಿನದಿಂದ ಅವಳು ಒಗ್ಗರಣೆ ಹಾಕುವುದನ್ನು ಬಿಟ್ಟಳು. ಪಲ್ಯ ಬೇಯಿಸಿ ಮೇಲೆ ಒಂದು ಚಮಚ ತಣ್ಣನೆಯ ಎಣ್ಣೆ ಬಿಟ್ಟಳು. ಸಾರಿಗೂ ಹಾಗೇ ಮಾಡಿದಳು. ನೇಕಾರ ಬುತ್ತಿ ಬಿಚ್ಚಿ, ಮುಖ ಹುಳ್ಳಗೆ ಮಾಡಿಕೊಂಡು ತಿಂದ. ಹೆಂಡತಿ ಹೆದರಿದ್ದಾಳೆ ಅಂತ ಅವನಿಗೆ ಗೊತ್ತಿತ್ತು. ಒಳ್ಳೆಯವನು, ಸುಮ್ಮನಿದ್ದ.

ಅವತ್ತು ಅತ್ತೆ ಊಟಕ್ಕೆ ಬರಲಿಲ್ಲ.

ಸೊಸೆ ಕಾದಳು. ಹೊಟ್ಟೆ ಭಾರ ಇರಬೇಕು ಅಂದುಕೊಂಡಳು. ತಾಟಿಗೆ ಹಾಕಿ ಪಡಸಾಲೆಗೇ ತಂದುಕೊಟ್ಟಳು. ಅತ್ತೆ ತಾಟನ್ನು ಮುಟ್ಟಿ ನೋಡಿದಳು. ಏನೋ ಕೇಳುವವಳಂತೆ ಬಾಯಿ ತೆರೆದು ಮತ್ತೆ ಮುಚ್ಚಿದಳು. ಎರಡು ತುತ್ತು ತಿಂದು ಕೈ ತೊಳೆದಳು. ಮರುದಿನವೂ ಬರಲಿಲ್ಲ. ಆಮೇಲೆ ಬರುವುದೇ ನಿಂತಿತು. ತಾಟು ಪಡಸಾಲೆಗೆ ಹೋಗುತ್ತಿತ್ತು, ಹೋದ ಹಾಗೇ ವಾಪಸು ಬರುತ್ತಿತ್ತು.

ಈ ಎಣ್ಣೆ ಅತ್ತೆಗೆ ಒಗ್ಗಲಿಲ್ಲ ಅಂದುಕೊಂಡಳು ಸೊಸೆ. ಅಂಗಡಿಗೆ ಹೋದಳು. ಅಂಗಡಿಯವನು ಕುಸುಬಿ ಎಣ್ಣೆ ಕೊಟ್ಟ. ಅದೂ ಒಗ್ಗಲಿಲ್ಲ. ತೌಡಿನ ಎಣ್ಣೆ ಕೊಟ್ಟ. ಸಮುದ್ರದಾಚೆಯಿಂದ ಬಂದ ಆಲಿವ್ ಎಣ್ಣೆ ಕೊಟ್ಟ. ಕಡೆಗೆ ಕೊಬ್ಬರಿ ಎಣ್ಣೆಯ ಬಾಟಲಿ ಮುಂದಿಟ್ಟಾಗ ಅವಳಿಗೇ ಅನುಮಾನ ಬಂತು.

"ಕೊಬ್ಬರಿ ಎಣ್ಣಿ ಎದಿಗೆ ಕೆಟ್ಟ ಅಂತ ನೀವ ಅಂದಿದ್ರೆಲ್ಲರಿ ಅಣ್ಣಾರ?"

"ಅದು ಕುಸುಬಿ ಮಾರೂ ಮುಂದ ಅಂದ ಮಾತು, ತಂಗಿ."

ಇಲ್ಲಿ ಅಜ್ಜಾರು ತಾವೇ ನಕ್ಕರು. ಅವನನ್ನು ಬಯ್ಯಬೇಡಿ, ಕೇಳಿದ ಮೇಲೆ ನಿಜವನ್ನೇ ಹೇಳಿದ್ದಾನಲ್ಲ ಅಂದರು. ನಾವೂ ನಕ್ಕೆವು. ಮಹಾನಂದಾ ನಗಲಿಲ್ಲ. ಅಜ್ಜಾರು ಮುಂದುವರಿಸಿದರು.

ಎಣ್ಣೆಗಳ ಹಿಂದೆ ಬೀಜ, ಪುಡಿ ಎಲ್ಲ ಬಂದವು. ಈಗ ಇವಕ್ಕೆ ಸೂಪರ್‌ಫುಡ್ ಅಂತ ಹೆಸರಂತೆ. ನೆನೆಹಾಕಿದರೆ ಲೋಳೆಯಾಗುವ ಚಿಯಾ ಬಂತು. ಕಿನೋವಾ ಅನ್ನುವ ಕಾಳು ಬಂದು ಜೋಳವನ್ನು ಮೂಲೆಗೆ ತಳ್ಳಿತು. ನುಗ್ಗೆಸೊಪ್ಪಿನ ಪುಡಿ ಡಬ್ಬಿಯಲ್ಲಿ ಬಂತು. ಹಿತ್ತಿಲಲ್ಲಿದ್ದ ನುಗ್ಗೆಮರ ನೋಡುತ್ತ ನಿಂತಿತ್ತು. ಅಗಸಿಯೂ ಬಂತು. ಆ ಮುದುಕಿ ಹಲ್ಲು ಬಂದಾಗಿನಿಂದ ರೊಟ್ಟಿಗೆ ಅಗಸಿ ಹಿಂಡಿ, ಅಂದರೆ ಅಗಸಿಯ ಚಟ್ನಿಪುಡಿ, ಹಚ್ಚಿಕೊಂಡು ತಿಂದವಳು. ಈಗ ಅದೇ ಅಗಸಿ ಥಳಥಳಿಸುವ ಪೊಟ್ಟಣದೊಳಗೆ, ಮೇಲೆ ಓಡುವ ಹೆಂಗಸಿನ ಚಿತ್ರ ಬರೆಸಿಕೊಂಡು ಬಂದು, ಬಿಸಿನೀರಿನಲ್ಲಿ ಕದಡಿ ಕುಡಿ ಅಂತ ಅಪ್ಪಣೆ ಮಾಡಿತು. ಮುದುಕಿಗೆ ಅದರ ಗುರುತು ಹತ್ತಲಿಲ್ಲ.

ಕೊಟ್ಟದ್ದನ್ನೆಲ್ಲ ಅವಳು ಕುಡಿದಳು. ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಸೊಸೆ ಪಕ್ಕದಲ್ಲಿ ಕೂತು ಇನ್ನೊಂದು ತುತ್ತು ತಿನ್ನು ಅಂತ ಕೈ ಹಿಡಿದರೆ, ಸಾಕವ್ವಾ, ನನ್ನ ಸಲುವಾಗಿ ನಿನಗ್ಯಾಕ ತ್ರಾಸು ಅನ್ನುತ್ತಿದ್ದಳು. ಸೊಸೆಗೆ ಅದು ರೋಗದ ಮಾತಾಗಿ ಕೇಳಿಸಿತು. ತಾಟು ಒಳಗೆ ಒಯ್ದು ಏನು ಉಳಿದಿದೆ, ಏನು ಹೋಗಿದೆ ಅಂತ ಕೆದಕಿ ನೋಡುತ್ತಿದ್ದಳು. ಚಿಯಾ ಹೋಗಿದೆ, ಕಿನೋವಾ ಉಳಿದಿದೆ. ಹಾಗಾದರೆ ನಾಳೆ ಏನು ಮಾಡಲಿ?

ಮುದುಕಿ ಬಡವಾದಳು. ಕುಪ್ಪಸ ಹೆಗಲಿಂದ ಜಾರತೊಡಗಿತು. ನೇಕಾರ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ರಕ್ತ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ರೋಗ ಏನೂ ಇಲ್ಲ, ಚೆನ್ನಾಗಿ ಊಟ ಮಾಡಿಸಿ ಅಂದರು. ಆ ಮಾತು ಕೇಳಿ ಸೊಸೆಗೆ ಸಮಾಧಾನವಾಗಲಿಲ್ಲ. ರೋಗ ಅಂದಿದ್ದರೆ ಔಷಧವಾದರೂ ಇರುತ್ತಿತ್ತು. ತಾನು ಹಾಕಿದ ಅನ್ನ ಅವಳಿಗೆ ಹತ್ತುತ್ತಿಲ್ಲ ಅಂದರೆ ಯಾರ ಹತ್ತಿರ ಹೋಗುವುದು? ಒಬ್ಬ ತಾಯಿ ಅವಳಿಗೆ ಬುದ್ಧಿ ಬರುವ ಮೊದಲೇ ಹೋಗಿದ್ದಳು. ಇನ್ನೊಬ್ಬಳು ಈಗ ಕಣ್ಣ ಮುಂದೆ, ಕೈಯಳತೆಯಲ್ಲಿ ಕೂತಿದ್ದಂತೆಯೇ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಸೊಸೆ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಮತ್ತೊಂದು ಎಣ್ಣೆಯ ಮಾತು ಕೇಳುತ್ತಿದ್ದಳು. ಒಲೆ ಹಚ್ಚಿರಲಿಲ್ಲ. ಹಿಂದೆ ಏನೋ ಸರಿದಾಡಿದಂತಾಯಿತು. ತಿರುಗಿದರೆ ಬಾಗಿಲಲ್ಲಿ ಅತ್ತೆ. ಕೈ ತೊಳೆದುಕೊಂಡಿದ್ದಳು. ಬೆರಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಗೋಡೆ ಹಿಡಿದು ಒಳಗೆ ಬಂದಳು. ಮಣೆಯನ್ನು ತಡಕಿ ಕೂತಳು. ಮುಖದ ತುಂಬ ನಗು ಇತ್ತು.

"ಯಾಕತ್ತೀ, ಏನ ಬೇಕಾಗಿತ್ತು?"

"ಕರದೆಲ್ಲವ್ವಾ. ಬಂದೆ."

"ಇಲ್ಲತ್ತೀ, ನಾ ಕರದಿಲ್ಲ."

ಸೊಸೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದಕ್ಕಿಂತ ಕೆಟ್ಟ ಮಾತನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಆಡಿರಲಿಲ್ಲ. ಮುದುಕಿಯ ಮುಖ ಇಷ್ಟೇ ಇಷ್ಟಾಯಿತು. ಹೌದಾ, ನನಗ ಕೇಳಿದಂಗಾತು ಅಂದಳು. ಎರಡೂ ಕೈ ನೆಲಕ್ಕೆ ಊರಿ ಎದ್ದಳು. ಕರೆಯದ ಮನೆಯ ಪಂಕ್ತಿಯಲ್ಲಿ ಕೂತು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿ ಪಡಸಾಲೆಗೆ ತಿರುಗಿದಳು.

ಆಗ ಸೊಸೆಯ ಮೂಗಿಗೆ ವಾಸನೆ ಬಂತು. ಪಕ್ಕದ ಮನೆಯ ಕಿಟಕಿಯಿಂದ ಸಾಸಿವೆ ಸಿಡಿದ ವಾಸನೆ, ಕರಿಬೇವಿನ ವಾಸನೆ. ಪಕ್ಕದ ಮನೆಯವಳು ಅದೇ ಈಗ ಸಾರಿಗೆ ಒಗ್ಗರಣೆ ಕೊಟ್ಟಿದ್ದಳು.

ಇಲ್ಲಿ ನಿಮಗೆ ಒಂದು ಹಿಂದಿನ ಮಾತು ಹೇಳಬೇಕು. ಈ ಅತ್ತೆ ಆ ಮನೆಗೆ ಸೊಸೆಯಾಗಿ ಬಂದ ಕಾಲದಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಹಿರಿಯರು ಕೂತಿರುವಾಗ ಒಳಗಿಂದ ಊಟಕ್ಕೆ ಬರ್ರಿ ಅಂತ ಕೂಗುವುದೂ ಇರಲಿಲ್ಲ. ಗಂಡ ಪಡಸಾಲೆಯಲ್ಲಿ, ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದ. ಅವಳು ಅಡುಗೆಯೆಲ್ಲ ಮುಗಿಸಿ ಕಡೆಯಲ್ಲಿ ಒಗ್ಗರಣೆ ಕೊಡುವಳು. ಕಾದ ಸೌಟು ಸಾರಿಗೆ ಬಿದ್ದು ಚೊರ್ ಅನ್ನುವುದು. ಹೊರಗೆ ಮಗ್ಗ ನಿಲ್ಲುವುದು. ಅವನು ಎದ್ದು, ಕೈ ತೊಳೆದು ಒಳಗೆ ಬರುವನು. ಬಾಯಲ್ಲಿ ಹೇಳಲಾಗದ ಹೆಸರನ್ನು ಅವಳು ಆಯುಷ್ಯವಿಡೀ ಸೌಟಿನಲ್ಲಿ ಹೇಳಿದಳು. ಗಂಡ ತೀರಿಕೊಂಡ. ಸೌಟು ಸೊಸೆಗೆ ಬಂತು. ಆಮೇಲೆ ದಿ‌ನವೂ ಮಧ್ಯಾಹ್ನ ಸೊಸೆ ತನ್ನನ್ನು ಕರೆಯುತ್ತಿದ್ದಾಳೆ ಅಂತಲೇ ಮುದುಕಿ ಎದ್ದು ಬರುತ್ತಿದ್ದಳು. ತಾನು ಕರೆಯುತ್ತಿದ್ದೇನೆ ಅಂತ ಸೊಸೆಗೆ ಗೊತ್ತಿರಲಿಲ್ಲ.

ಎಣ್ಣೆ ತಣ್ಣಗಾದ ದಿನ ಕರೆ ನಿಂತಿತು. ಊಟ ಕೂತಲ್ಲಿಗೆ ಬಂತು. ಆ ಕಡೆಯ ಮನೆಗಳಲ್ಲಿ ಊಟ ಕೂತಲ್ಲಿಗೆ ಬರುವುದು ಜ್ವರ ಬಂದವರಿಗೆ, ಇಲ್ಲವೇ ಒಳಗೆ ಬೇಡವಾದವರಿಗೆ. ತನಗೆ ಜ್ವರ ಇಲ್ಲ ಅಂತ ಮುದುಕಿಗೆ ಗೊತ್ತಿತ್ತು. ಯಾಕವ್ವಾ ಹೀಗೆ ಅಂತ ಕೇಳಬಹುದಿತ್ತು ಅನ್ನುತ್ತೀರಿ. ಊಟದ ವಿಷಯದಲ್ಲಿ ಮುದುಕರಿಗೆ ಇರುವ ನಾಚಿಕೆ ಮದುವಣಗಿತ್ತಿಗೂ ಇರುವುದಿಲ್ಲ. ನೀವೂ ಮುದುಕರಾಗುತ್ತೀರಿ, ಆಗ ಗೊತ್ತಾಗುತ್ತದೆ. ಸೊಸೆಯಾದರೂ ಕೇಳಬಹುದಿತ್ತು. ಅವಳು ಕೇಳುತ್ತಲೇ ಇದ್ದಳಲ್ಲ, ಅಂಗಡಿಯವನನ್ನು, ಡಾಕ್ಟರನ್ನು, ಫೋನನ್ನು.

ಸೊಸೆ ಕಿಟಕಿ ನೋಡಿದಳು. ನೆಲದ ಮೇಲೆ ಅತ್ತೆಯ ಕೈಯಿಂದ ಬಿದ್ದ ನೀರಿನ ಹನಿ ನೋಡಿದಳು. ತಾನು ಒಗ್ಗರಣೆ ನಿಲ್ಲಿಸಿದ ದಿನವೂ ಅತ್ತೆ ಊಟಕ್ಕೆ ಬರುವುದು ನಿಂತ ದಿನವೂ ಒಂದೇ ಅಂತ ಆಗ ಅವಳ ತಲೆಗೆ ಹೊಳೆಯಿತು. ಒಲೆ ಹಚ್ಚಿದಳು. ಕಬ್ಬಿಣದ ಸೌಟು ಇಟ್ಟಳು. ಸಾಲಾಗಿ ನಿಂತಿದ್ದ ಬಾಟಲಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ಬಗ್ಗಿಸಿದಳು. ಸಾಸಿವೆ ಹಾಕಿದಳು, ಜಜ್ಜಿದ ಬೆಳ್ಳುಳ್ಳಿ ಹಾಕಿದಳು, ಕರಿಬೇವು ಹಾಕಿದಳು. ಸಾರು ಇರಲಿಲ್ಲ, ಪಲ್ಯ ಇರಲಿಲ್ಲ. ಆಗಷ್ಟೇ ತೊಳೆದಿಟ್ಟ ಖಾಲಿ ಪಾತ್ರೆ ಒಂದಿತ್ತು. ಅದರ ತಳದಲ್ಲಿ ಇನ್ನೂ ನೀರಿನ ಪಸೆ ಇತ್ತು. ಕಾದ ಸೌಟನ್ನು ಆ ಖಾಲಿ ಪಾತ್ರೆಗೇ ಸುರಿದಳು.

ಚೊರ್ ಅಂತು.

ಪಡಸಾಲೆಯಲ್ಲಿ ಮುದುಕಿಯ ಹೆಜ್ಜೆ ನಿಂತಿತು. ಆದರೆ ಅವಳು ತಿರುಗಲಿಲ್ಲ. ಒಮ್ಮೆ ನಾಚಿಕೆಯಾದವಳು, ಇನ್ನೊಮ್ಮೆ ಹೇಗೆ ನಂಬುತ್ತಾಳೆ? ಗೋಡೆಯ ಮೇಲೆ ಕೈಯಿಟ್ಟು ನಿಂತಳು.

ಸೊಸೆ ಬಾಗಿಲಿಗೆ ಬಂದು, ಆ ಮನೆಗೆ ಬಂದಾಗಿನಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು ಹಿಡಿದು ಕೂಗಿದಳು.

"ಅವ್ವಾ, ಈಗ ಕರದಾಕಿ ನಾನ. ಊಟಕ್ಕ ಬಾ."

ಬುಟ್ಟಿಯಲ್ಲಿ ಬೆಳಗಿನ ರೊಟ್ಟಿ ಇದ್ದವು. ಪಾತ್ರೆಯಲ್ಲಿ ಬಿಸಿ ಎಣ್ಣೆ, ಸಾಸಿವೆ, ಬೆಳ್ಳುಳ್ಳಿ. ಅಷ್ಟೇ ಅವತ್ತಿನ ಅಡುಗೆ. ಮುದುಕಿ ರೊಟ್ಟಿ ಮುರಿದು, ಅದ್ದಿ ಅದ್ದಿ ತಿಂದಳು. ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಸೊಸೆ ಎದುರಿಗೆ ಕೂತು ಅದೇ ಪಾತ್ರೆಯಲ್ಲಿ ತಾನೂ ಅದ್ದಿದಳು. ಅವಳು ಮೂಗು ಏರಿಸುವುದು ಕೇಳಿ ಮುದುಕಿ, ಖಾರ ಹತ್ತಿತೇನವ್ವಾ ಅಂತ ಕೇಳಿದಳು. ಅದರಲ್ಲಿ ಮೆಣಸಿನಕಾಯಿ ಹಾಕಿರಲೇ ಇಲ್ಲ. ಹೌದವ್ವಾ, ಭಾಳ ಖಾರ ಆಗೇತಿ ಅಂದಳು ಸೊಸೆ.

ಆಮೇಲೆ ಆ ಮನೆಯಲ್ಲಿ ಎಣ್ಣೆಯೇನೂ ಜಾಸ್ತಿಯಾಗಲಿಲ್ಲ. ಅದೇ ಒಂದು ಚಮಚ. ಆದರೆ ಕಾದು ಬೀಳುತ್ತಿತ್ತು.

ಅಜ್ಜಾರು ಕತೆ ಮುಗಿಸಿದರು. ಒಂದಿಬ್ಬರು ಕಣ್ಣು ಒರೆಸಿಕೊಂಡರು. ಮಹಾನಂದಾ ಮಾತ್ರ ಮುಂದೆ ಬಾಗಿ ಕೂತಿದ್ದಳು. ಅವಳಿಗೆ ಬೇಕಾದದ್ದು ಇನ್ನೂ ಸಿಕ್ಕಿರಲಿಲ್ಲ. ಪಾಪ, ಸಿಗುವ ಹಾಗೂ ಇರಲಿಲ್ಲ.

"ಅಜ್ಜಾರ," ಅಂದಳು. "ಅವತ್ತ ಆಕಿ ಕೈಗೆ ಸಿಕ್ಕಿದ್ದು ಯಾವ ಎಣ್ಣಿರಿ?"

ಹಿಂದೆ ಕೂತವರು ಯಾರೋ ನಕ್ಕರು. ಅಜ್ಜಾರು ನಗಲಿಲ್ಲ. ಮಗಳನ್ನು ಕೇಳುವ ದನಿಯಲ್ಲಿ ಕೇಳಿದರು.

"ಗಂಡನ ತಾಟ ನೋಡೂದು ಬಿಟ್ಟು ಅವನ ಮಾರಿ ನೋಡಿ ಎಷ್ಟ ದಿನಾ ಆತವ್ವಾ?"